ತೋಳು ಕೊಟ್ಟ ಗಂಗಿ

ಕಾಗಾಲದ ನಮ್ಮ ಪಕ್ಕದ ಮನೆಯ ಗಂಗಿ ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸುವವಳು. ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಿನಲ್ಲಿ ನಿಂತು ಕೆಸರು ಕೆದಕಿ ಬುಟ್ಟಿ ತುಂಬಿಸಿ, ಕುಮಟೆ ಪೇಟೆಗೆ ಹೊತ್ತು ಮಾರುತ್ತಿದ್ದಳು. ಗಂಡ ತೀರಿಕೊಂಡಿದ್ದ, ಮಕ್ಕಳಿಲ್ಲ. ಮದುವೆಮನೆಗೆ ಹೋದರೂ ಹಿಂದಿನ ಬಾಗಿಲಲ್ಲೇ ಕೂತು ಬರುವ ಹೆಂಗಸು.

ಮೂರು ವರ್ಷದ ಹಿಂದೆ ದೊಡ್ಡ ಅನುದಾನದೊಂದಿಗೆ ಒಂದು ಸಂಸ್ಥೆ ಬಂತು. ಭಟ್ಕಳ, ಹೊನ್ನಾವರ, ಕುಮಟೆಯ ಹೆಣ್ಣುಮಕ್ಕಳಿಗೆ ಆರೋಗ್ಯ ಕಾರ್ಯಕರ್ತೆಯರಾಗುವ ತರಬೇತಿ. ಉದ್ದೇಶ ಒಳ್ಳೆಯದೇ, ಅದಕ್ಕೇ ನನ್ನ ಹೊಟ್ಟೆ ಹೆಚ್ಚು ಉರಿಯುವುದು. ಬಿಪಿ ನೋಡಲು ಕಲಿಸುವುದಕ್ಕೆ ಯಾರದಾದರೂ ತೋಳು ಬೇಕಿತ್ತು. ತರಬೇತಿ ಕೊಡುವ ಪ್ರಿಯಂವದಾ ಮೇಡಂ, ದಾರಿಯಲ್ಲಿ ಹೋಗುತ್ತಿದ್ದ ಗಂಗಿಯನ್ನು ಕರೆದು ಕೂರಿಸಿದರು. ಬಿಪಿ ವಿಪರೀತ ಏರಿತ್ತು. ಸರಕಾರಿ ಆಸ್ಪತ್ರೆಗೆ ಕಳಿಸಿ ಗುಳಿಗೆ ಕೊಡಿಸಿದರು. ಅಲ್ಲಿಗೆ ಬಿಟ್ಟಿದ್ದರೆ ನಾನೂ ಆ ಮೇಡಮ್ಮಿಗೆ ಕೈ ಮುಗಿಯುತ್ತಿದ್ದೆ.

ಮುಂದಿನ ತರಬೇತಿಗೂ ಗಂಗಿಯನ್ನೇ ಕರೆದರು. ಗುಳಿಗೆ ನುಂಗುತ್ತಿದ್ದಳಲ್ಲ, ಬಿಪಿ ಸರಿಯಾಗಿತ್ತು. ಹುಡುಗಿಯರಿಗೆ ತೋರಿಸಲು ಏನೂ ಇಲ್ಲವೆಂದು ಮೇಡಂ ಮುಖ ಸಣ್ಣ ಮಾಡಿಕೊಂಡರಂತೆ. "ಗಂಗಕ್ಕ, ಇನ್ನು ಬರುವ ಮೊದಲು ನಾಲ್ಕು ದಿನ ಗುಳಿಗೆ ತಗೋಬೇಡಿ," ಎಂದರಂತೆ. ಇವಳು ತಲೆಯಾಡಿಸಿ ಬಂದಳು.

ವಿಷಯ ತಿಳಿದಾಗ ನನಗೆ ಸಿಟ್ಟು ನೆತ್ತಿಗೇರಿತು. "ಹುಚ್ಚು ಹಿಡದದ್ಯೇನೆ ನಿಂಗೆ? ಗುಳಿಗೆ ಎಂತಕೆ ಬಿಡ್ತೆ?"

"ನಾ ಹಿಂಗೆ ಮಾಡ್ದಿದ್ರೆ ಆ ಹುಡ್ಗೀರು ಕಲಿಯೂದು ಹೆಂಗೆ?" ಎಂದಳು. "ಅಲ್ಲಿ ನಂಗೆ ಕುರ್ಚಿ ಹಾಕ್ತ್ರು. ಕೈ ಹಿಡ್ಕಂಡು ಮಾತಾಡ್ಸ್ತ್ರು."

ಅವಳ ಕೈ ಹಿಡಿದು ಮಾತಾಡಿಸಿದವರು ಅದುವರೆಗೆ ಯಾರೂ ಇರಲಿಲ್ಲ. ಆ ಆಸೆಯನ್ನೇ ಮೇಡಂ ಬಳಸಿಕೊಂಡರು. ಹೇಸಿಗೆ ಎನ್ನುವುದು ಇದನ್ನೇ. ಫೋನ್ ಮಾಡಿ ಕೇಳಿದರೆ, "ನಾಲ್ಕು ದಿನಕ್ಕೆ ಏನೂ ಆಗೋದಿಲ್ಲ. ಹಣ ಕೊಡೋರು ಹೊನ್ನಾವರಕ್ಕೆ ಬರ್ತಿದ್ದಾರೆ, ಅವರೆದುರು ತೋರಿಸ್ಬೇಕಲ್ಲ," ಎಂದು ಫೋನಿಟ್ಟರು. ಥೂ!

ಹೊನ್ನಾವರದ ಸಭಾಂಗಣದಲ್ಲಿ ಹಣ ಕೊಡುವವರು ಮುಂದಿನ ಸಾಲಿನಲ್ಲಿದ್ದರು. ಧನ್ಯಾ ಎಂಬ ಹುಡುಗಿ ಗಂಗಿಯ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುತ್ತಿದ್ದಳು. ಗಂಗಿಯ ಬಾಯಿ ಒಂದು ಕಡೆಗೆ ವಾಲಿತು, ಕುರ್ಚಿಯಿಂದ ಜಾರಿ ಬಿದ್ದಳು. ಧನ್ಯಾ ಅಳುತ್ತಲೇ ಅವಳನ್ನು ರಿಕ್ಷಾಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಓಡಿದಳು. ಮೇಡಂ ಅಲ್ಲೇ ನಿಂತು, "ಪಾಪ, ಉಪವಾಸ ಇದ್ದರು, ತಲೆ ತಿರುಗಿದೆ," ಎಂದು ಅತಿಥಿಗಳಿಗೆ ಹೇಳಿ ಚಹಾ ಕೊಡಿಸಿದರು. ಇದನ್ನೆಲ್ಲ ಧನ್ಯಾಳೇ ಬಂದು ನನಗೆ ಹೇಳಿದ್ದು. ಆಮೇಲೆ ಅವಳು ತರಬೇತಿಗೆ ಹೋಗಲಿಲ್ಲ.

ಜೀವ ಉಳಿಯಿತು. ಬಲಗೈ ಸತ್ತುಹೋಯಿತು, ಬಾಯಿ ಸೊಟ್ಟಗೇ ಉಳಿಯಿತು. ಬಳಚು ಆರಿಸುವುದು ಮುಗಿಯಿತು. ಗಂಜಿಯನ್ನು ನಾನೇ ಕುಡಿಸುತ್ತೇನೆ.

ಹೋದ ವಾರ ಮೇಡಂ ಹಣ್ಣು ಹಿಡಿದು ಬಂದರು. ಅನುದಾನ ಇನ್ನೆರಡು ವರ್ಷ ಮುಂದುವರಿದಿದೆಯಂತೆ. ಈ ಸಲ ಪಾರ್ಶ್ವವಾಯು ಗುರುತಿಸುವ ತರಬೇತಿ, ಭಟ್ಕಳದಲ್ಲಿ. ಗಂಗಕ್ಕನನ್ನು ಕಾರಿನಲ್ಲೇ ಕರೆದೊಯ್ಯುತ್ತಾರಂತೆ. ನಾನು ಬಾಗಿಲು ತೋರಿಸುವಷ್ಟರಲ್ಲಿ ಗಂಗಿ ಎಡಗೈಯಿಂದ ಸೆರಗು ಸರಿಪಡಿಸಿಕೊಂಡು, ತೊದಲುತ್ತ ಕೇಳಿದಳು:

"ಎಷ್ಟ್ ದಿನ ಗುಳಿಗೆ ಬಿಡ್ಬೇಕು ಅಮ್ಮಾ?"

"ಬೇಡ ಗಂಗಕ್ಕ, ಈ ಸಲ ತಗೊಳ್ಳಿ," ಎಂದರು ಮೇಡಂ, ನಗುತ್ತ. "ನಿಮ್ಮ ಮುಖ ನೋಡಿದ್ರೇ ಸಾಕು."