ಅಕ್ಕವ್ವನ ಮನೆ ಮುಂದಿನ ಏರು

ಸಿದ್ದಲಿಂಗ ಮೊದಲು ಹಿಡಿದದ್ದು ಆಕೆಯ ಜಡೆಯನ್ನು. ಸೈಕಲ್ಲು ಮುಂದೆ ಹೋಯಿತು, ಸುಂದರಾ ಹಿಂದಕ್ಕೆ ಬಿದ್ದಳು. ಕೈಯಲ್ಲಿದ್ದ ಕಬ್ಬಿನ ಗಳ ಮುರಿಯುವವರೆಗೆ ಬಾರಿಸಿದ. ಮುರಿದ ಮೇಲೆ ಬೂಟುಗಾಲಿನಿಂದ ಅವಳ ಬಲಗೈ ಮಣಿಕಟ್ಟನ್ನು ತುಳಿದ. ಎಲುಬು ಮುರಿದ ಸದ್ದು ತನಗೇ ಕೇಳಿಸಿತು ಎಂದು ಸುಂದರಾ ಹೇಳುತ್ತಾಳೆ.

"ಯಾಕ ಬೇ, ಬ್ಯಾಟರಿ ಬಂದ ಮ್ಯಾಲ ಕಾಲು ನೆಲಕ್ಕ ಹತ್ತವಲ್ಲವೇನ? ಹನ್ನೊಂದ ವರ್ಷ ಇಳದು ಹೋದಾಕಿ, ಈಗ ನಮ್ಮ ಬಾಗಲ ಮುಂದ ಕುಂತಕೊಂಡ ಹೊಂಟಿ?"

ತನ್ನ ತಪ್ಪೇನೆಂದು ಅವಳಿಗೆ ಆಗ ತಿಳಿಯಲೇ ಇಲ್ಲ.

ಪಾಲಬಾವಿಯ ಸುಂದರಾ ಹಾರೂಗೇರಿಯ ಖಾಸಗಿ ದವಾಖಾನೆಯೊಂದರಲ್ಲಿ ಆಯಾ. ಬೆಳಿಗ್ಗೆ ಏಳಕ್ಕೆ ಪಾಳಿ. ಅಷ್ಟು ಬೇಗ ಬಸ್ಸಿಲ್ಲ, ಸೈಕಲ್ಲು ಬಿಟ್ಟರೆ ಕೆಲಸವೇ ಬಿಟ್ಟಂತೆ. ತಮ್ಮ ದಲಿತ ಕೇರಿ ದಾಟಿದೊಡನೆ ಸಿಗುವುದು ಕಬ್ಬು, ದ್ರಾಕ್ಷಿ ಬೆಳೆಯುವ ಶ್ರೀಮಂತ ಕುಳ ಅಕ್ಕವ್ವನ ದೊಡ್ಡ ಮನೆ. ಸಿದ್ದಲಿಂಗ ಆಕೆಯ ಮಗ. ಆ ಮನೆಯ ಮುಂದೆಯೇ ರಸ್ತೆ ಏರುತ್ತದೆ.

2017ರ ಚಳಿಗಾಲದಲ್ಲಿ ನಿಪ್ಪಾಣಿಯಲ್ಲಿರುವ ಅವಳ ತಮ್ಮ ವಿಶ್ವಾಸ, ಅಕ್ಕನ ಮೊಣಕಾಲಿನ ಬಾವು ನೋಡಲಾಗದೆ ಬ್ಯಾಟರಿ ಸೈಕಲ್ಲು ತಂದುಕೊಟ್ಟಿದ್ದ. ಮೊದಲ ವಾರ ಅದು ಅವಳ ಮಾತು ಕೇಳಲಿಲ್ಲ. ಬಲಗೈ ಹಿಡಿಕೆ ತಿರುವಿದರೆ ಜಿಗಿದು ಒಮ್ಮೆ ಜಾಲಿ ಮುಳ್ಳಿನೊಳಗೆ ಎಸೆಯಿತು, ಇನ್ನೊಮ್ಮೆ ಸದ್ದಿಲ್ಲದೆ ಹೋಗಿ ಕುರಿಯೊಂದಕ್ಕೆ ಗುದ್ದಿತು. ಎರಡನೇ ವಾರಕ್ಕೆ ಕೈ ಕುದುರಿತು. ಸಂಜೆ ಬ್ಯಾಟರಿ ಕಳಚಿ ಚಾರ್ಜಿಗೆ ಹಾಕಿ ಬುದ್ಧನ ಮುಂದೆ ದೀಪ ಹಚ್ಚುವುದು ರೂಢಿಯಾಯಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ಆ ಏರನ್ನು ಇಳಿಯದೆ ಹತ್ತಿದಳು. ಮೂರನೆಯ ವಾರ ಈ ಹೊಡೆತ.

ಗಂಡ ತುಕಾರಾಮ ಮೆತ್ತಗಿನ ಮನುಷ್ಯ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಹೆಂಡತಿಗೆ, "ಹತ್ತ ಹೆಜ್ಜಿ ಇಳದ ಹೋದರ ನಿಂದೇನ ಹೋಗತೈತಿ? ಪೊಲೀಸ ಗಿಲೀಸ ಬ್ಯಾಡ" ಎಂದ.

ನಾಲ್ಕನೇ ದಿನ ಊರ ಹಿರಿಯ ಆಬಾಸಾಹೇಬ ಸುಂದರಾ, ಸಿದ್ದಲಿಂಗ ಇಬ್ಬರನ್ನೂ ಚಾವಡಿಗೆ ಕರೆಸಿದ. ಹೆಂಡತಿಯ ಜೊತೆ ತುಕಾರಾಮ ಬಂದಿದ್ದ, ಅಕ್ಕವ್ವನೂ ಸೆರಗು ಹೊದ್ದು ಬಂದಿದ್ದಳು.

"ನೋಡವಾ ಸುಂದರಾ, ಹುಡುಗ ಸಿಟ್ಟಿನ್ಯಾಗ ಕೈ ಮಾಡ್ಯಾನ. ದವಾಖಾನಿ ಖರ್ಚ ಅಂವ ಕೊಡತಾನ. ನೀ ಮೊದಲ ಹ್ಯಾಂಗ ಮಾನ ಕೊಟ್ಟ ಇಳೀತಿದ್ದಿ, ಹಂಗ ಇಳೀತೀನಿ ಅನ್ನು. ಮುಗೀತು."

"ಮಾನ ಕೊಟ್ಟ ಎಲ್ಲಿ ಇಳದೀನ್ರಿ ಆಬಾಸಾಹೇಬ್ರ? ಮೊಣಕಾಲ ನೋವು, ಏರ ತುಳಿಯಾಕ ಆಗತಿದ್ದಿಲ್ಲ. ಅದಕ್ಕ ಇಳದು ನೂಕತಿದ್ದೆ."

ಕಟ್ಟೆಯ ಕೊನೆಯಲ್ಲಿ ಕೂತಿದ್ದವನೊಬ್ಬ, "ಹೌದಲ್ಲ, ಅಲ್ಲಿ ನಾವೂ ಇಳೀತೀವಿ" ಎಂದು ನಕ್ಕುಬಿಟ್ಟ.

ಅಕ್ಕವ್ವ ನಗಲಿಲ್ಲ. "ಸುಳ್ಳ ಹೇಳಬ್ಯಾಡ. ನಾ ಬಾಗಲದಾಗ ಕುಂತ ದಿನಾ ನೋಡೀನಿ. ಬೀಗರ ಮುಂದ ಹೇಳಿಕೊಂಡೀನಿ, ನಮ್ಮ ಓಣ್ಯಾಗ ಇನ್ನೂ ಮರ್ಯಾದಿ ಐತಿ ಅಂತ" ಎಂದಳು.

"ನೀವ ತಿಳಕೊಂಡ್ರಿ ಅವ್ವಾರ. ನಾ ಯಾವಾಗ ಹೇಳಿದ್ದೆ?"

ಹೊಡೆದದ್ದಕ್ಕೆ ಸಿದ್ದಲಿಂಗನಿಗೆ ನಾಚಿಕೆಯಾಗಿರಲಿಲ್ಲ, ಆ ನಗುವಿಗೆ ಆಯಿತು. ಎದ್ದು ಬಂದು ಸುಂದರಾಳ ಪ್ಲಾಸ್ಟರಿನ ಕೈಯನ್ನೇ ಹಿಡಿದು ತಿರುವಿದ. ಅವಳು ಚೀರಿದಳು. ಮಧ್ಯೆ ಬಂದ ತುಕಾರಾಮನ ಬಾಯಿಗೆ ಗುದ್ದಿದ. ಮೆತ್ತಗಿನ ಮನುಷ್ಯ ರಕ್ತದೊಂದಿಗೆ ಎರಡು ಹಲ್ಲು ಉಗುಳಿ, ಯಾರೋ ಕಟ್ಟೆಗೆ ಒರಗಿಸಿಟ್ಟಿದ್ದ ಕೊಡಲಿಗೆ ಕೈ ಹಾಕಿದ. ಇನ್ನೊಂದು ಗಳಿಗೆಯಲ್ಲಿ ಹೆಣ ಬೀಳುತ್ತಿತ್ತು. ಸುಂದರಾ ಎಡಗೈಯಿಂದ ಗಂಡನ ಕೊರಳಿಗೆ ಜೋತುಬಿದ್ದು ನೆಲಕ್ಕೆ ಕೆಡವಿದಳು. ಆ ಗಳಿಗೆಯಲ್ಲಿ ಅವಳ ಕೈಗೆ ಬಲ ಕೊಟ್ಟವನು ಯಾರೇ ಇರಲಿ, ಅವನಿಗೆ ನಾನು ಕೈ ಮುಗಿಯುತ್ತೇನೆ.

ಅಂದೇ ಗಂಡ ಹೆಂಡತಿ ಪೊಲೀಸರಿಗೆ ದೂರು ಕೊಟ್ಟರು. ಸಿದ್ದಲಿಂಗ ಒಳಗೆ ಹೋದ, ಎರಡು ವಾರಕ್ಕೆ ಜಾಮೀನಿನ ಮೇಲೆ ಬಂದ.

ಪ್ಲಾಸ್ಟರ್ ಬಿಚ್ಚಿದರೂ ಬಲಗೈ ಮಣಿಕಟ್ಟು ತಿರುಗಲಿಲ್ಲ. ಇಳಿದು ಹೋಗು ಎಂದಿದ್ದ ತುಕಾರಾಮನೇ ಸೈಕಲ್ಲನ್ನು ಹಾರೂಗೇರಿಗೆ ಒಯ್ದು, ತಿರುವುವ ಹಿಡಿಕೆಯನ್ನು ಎಡಕ್ಕೆ ಹಾಕಿಸಿದ. ಸುಂದರಾ ಮನೆಯ ಮುಂದೆ ಎಂಟು ದಿನ ಹೊಸದಾಗಿ ಕಲಿತಳು. ಬಿದ್ದಳು, ಎದ್ದಳು.

ಒಂಬತ್ತನೇ ದಿನ ಆರೂವರೆಗೆ ಹೊರಟಳು. ಸಿದ್ದಲಿಂಗ ಬಾಗಿಲಲ್ಲಿ ನಿಂತಿದ್ದ.

"ಇಳೀ ಬೇ."

ಮೊದಲ ಕಲ್ಲು ಚಕ್ರಕ್ಕೆ ತಾಗಿತು. ಎರಡನೆಯದು ಕಿವಿಯ ಹಿಂದೆ ಬಡಿದು ಕಣ್ಣು ಕತ್ತಲೆಯಾಯಿತು. ಬಿಸಿಯಾದದ್ದೇನೋ ಕುತ್ತಿಗೆಯಿಂದ ಕುಪ್ಪಸದೊಳಗೆ ಇಳಿಯಿತು. ಅವಳು ಎಡಗೈ ಪೂರ್ತಿ ತಿರುವಿದಳು. ಏರು ಮುಗಿಯಿತು.

ದವಾಖಾನೆಯಲ್ಲಿ ನರ್ಸಬಾಯಿ ಕೂದಲು ಕತ್ತರಿಸಿ ಐದು ಹೊಲಿಗೆ ಹಾಕಿದಳು. "ನಾಳಿಗೆ ರಜಾ ಹಾಕವಾ."

"ನಾಳೆ ಒಂದ ದಿನಾ ನಿಂತರ ಅಂವಗ ಸಾಕ್ರಿ ಬಾಯಾರ" ಎಂದು ಸುಂದರಾ ಕಸಬರಿಗೆ ಹಿಡಿದು ಎದ್ದಳು.

ಮರುದಿನ ಸಿದ್ದಲಿಂಗನ ಕೈಯಲ್ಲಿ ಕಲ್ಲಿತ್ತು, ಎಸೆಯಲಿಲ್ಲ. ಅದರ ಮರುದಿನವೂ ಇತ್ತು. ಆ ಬಾಗಿಲು ಹತ್ತಿರ ಬಂದಾಗಲೆಲ್ಲ ಸುಂದರಾಳ ಬೆನ್ನು ಈಗಲೂ ಬಿಗಿಯುತ್ತದೆಯಂತೆ. ದಿನಾ ಆರೂವರೆಗೆ ಅದೇ ದಾರಿಯಲ್ಲಿ, ಕುಳಿತೇ ಹೋಗುತ್ತಾಳೆ.