ಕಲ್ನಾರಿನ ಚೀಲದ ಕೌದಿ

ಧಾರವಾಡದ ಕಡೆಯವಳಾದ ನನಗೆ ಬೆಂಗಳೂರಿನ ಮತ್ತಿಕೆರೆಯಲ್ಲಿ ಸಂಸಾರ ಹೂಡಿದ ಮೇಲೂ ಒಂದು ಚಟ ಬಿಡಲಿಲ್ಲ. ಹಳೆಯ ಬಟ್ಟೆ ಕಂಡರೆ ಸಾಕು, ಕೈ ಸೂಜಿ ಹುಡುಕುತ್ತಿತ್ತು. ನಮ್ಮ ಕಡೆ ಹುಟ್ಟಿದ ಕೂಸನ್ನು ಹೊಸ ಬಟ್ಟೆಯ ಮೇಲೆ ಮಲಗಿಸುತ್ತಿರಲಿಲ್ಲ. ಹಿರಿಯರು ಉಟ್ಟು ಮೆತ್ತಗಾದ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿಯೇ ಆಗಬೇಕು. ಎಂಬತ್ತರ ದಶಕದ ಮೊದಲ ವರ್ಷಗಳವು. ನಮ್ಮ ಬಾಡಿಗೆ ಮನೆಯ ಓನರಮ್ಮನ ಮಗಳು ಹೆರಿಗೆಗೆಂದು ತವರಿಗೆ ಬಂದಾಗ ಆ ಕೆಲಸವನ್ನು ನಾನೇ ಮೈಮೇಲೆ ಹಾಕಿಕೊಂಡೆ. ನಮಗಿನ್ನೂ ಮಕ್ಕಳಿರಲಿಲ್ಲ.

ಸೀರೆಗಳ ನಡುವೆ ದಪ್ಪನೆಯದೊಂದು ಪದರ ಬೇಕಿತ್ತು. ನನ್ನ ಗಂಡ ಯಶವಂತಪುರದಲ್ಲಿ ಲಾರಿಗಳ ಬ್ರೇಕ್ ಲೈನಿಂಗ್ ಮಾಡುವ ಸಣ್ಣ ಫ್ಯಾಕ್ಟರಿಯಲ್ಲಿದ್ದರು. ಅಲ್ಲಿಗೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಗೋಣಿಚೀಲಗಳಲ್ಲಿ ಬರುತ್ತಿತ್ತು. ಖಾಲಿ ಚೀಲ ಕೆಲಸಗಾರರಿಗೆ ಪುಕ್ಕಟೆ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಜಾತಿ ನನ್ನದು. ಇವರು ತಂದಷ್ಟೂ ಇಸಿದುಕೊಂಡೆ. ಹಿತ್ತಲಲ್ಲಿ ನಿಂತು ಝಾಡಿಸಿದೆ. ಅರಳೆಯಂಥ ಬಿಳಿ ಪುಡಿ ಮುಖದ ಮೇಲೆಲ್ಲ ಹಾರಿತು, ಅಂಗೈಯಿಂದ ಒರೆಸಿಕೊಂಡೆ. ಒಗೆದರೆ ಗೋಣಿ ಸಡಿಲವಾಗುತ್ತದೆಂದು ಒಗೆಯಲೂ ಇಲ್ಲ. ಹದಿನೈದು ದಿನ ಕೂತು ಹೊಲಿದೆ. ಹೆಣ್ಣು ಮಗು ಹುಟ್ಟಿತು. ಐದನೇ ತಿಂಗಳಿಗೆ ತಾಯಿ, ಮಗು, ತೊಟ್ಟಿಲು, ಕೌದಿ ಎಲ್ಲ ಅಮೃತಹಳ್ಳಿಯ ಗಂಡನ ಮನೆ ಸೇರಿದವು.

ಅದಾಗಿ ಕೆಲವು ತಿಂಗಳಿಗೆ, ಒಂದು ಮಧ್ಯಾಹ್ನ, ಇವರು ಶಿಫ್ಟ್ ಮುಗಿಯುವ ಮೊದಲೇ ಮನೆಗೆ ಬಂದರು. ಮುಖ ಬಿಳಿಚಿಕೊಂಡಿತ್ತು. ಕೆಲಸಗಾರರ ಎದೆ ಪರೀಕ್ಷೆ ಮಾಡಲು ಫ್ಯಾಕ್ಟರಿಗೆ ಡಾಕ್ಟರೊಬ್ಬರು ಬಂದಿದ್ದರಂತೆ. ಖಾಲಿ ಚೀಲ ಏನು ಮಾಡ್ತೀರಿ ಎಂದು ಕೇಳಿದರಂತೆ. ಇವರು ಹೆಮ್ಮೆಯಿಂದ, ನಮ್ಮಾಕಿ ಕೂಸಿಗೆ ಕೌದಿ ಹೊಲದಾಳ್ರೀ ಅಂದರಂತೆ. ಡಾಕ್ಟರು ಬರೆಯುವುದನ್ನೇ ನಿಲ್ಲಿಸಿಬಿಟ್ಟರಂತೆ.

"ಆ ನಾರು ಉಸಿರಿನಾಗ ಹೋದ್ರ ಎದಿಯೊಳಗ ಕೂತ್ಬಿಡ್ತದಂತ," ಅಂದರು. "ರೋಗ ಕಾಣಾಕ ಇಪ್ಪತ್ತು ಮೂವತ್ತು ವರ್ಷ ಬೇಕಂತ. ಆ ಕೌದಿ ತಂದು, ಝಾಡಸದಂಗ ನೀರು ಹಾಕಿ ತೋಯಿಸಿ, ಸುತ್ತಿ ಇಡ್ರಿ ಅಂದಾರ."

"ಹೋದ ವರ್ಷ ನಿಮಗ ಮಾಸ್ಕ್ ಕೊಟ್ಟಿದ್ರಲ್ರೀ! ಆವಾಗ ಯಾಕ ಹೇಳ್ಲಿಲ್ಲ?"

"ಅದು ಮಷೀನ್ ಮುಂದ ನಿಂತಾಗ ಅಷ್ಟ ಅಂತ ತಿಳ್ಕೊಂಡಿದ್ದೆ. ಮನ್ಯಾಗ ಮಷೀನ್ ಎಲ್ಲೈತಿ?"

ಮೂಗು ಮುಚ್ಚಿಕೊಂಡು ದುಡಿದ ಮನುಷ್ಯ ಅದೇ ಪುಡಿಯ ಚೀಲವನ್ನು ಸೈಕಲ್ಲಿಗೆ ಕಟ್ಟಿ ಮನೆಗೆ ತಂದಿದ್ದರು! ಬೈಯೋಣವೆಂದರೆ, ಝಾಡಿಸಿದವಳು ನಾನು, ಹೊಲಿದವಳು ನಾನು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಆಗಲೇ ಹೊರಟೆ. ಹೆಬ್ಬಾಳ ದಾಟಿ ಬಸ್ಸಿಳಿದು ಅಮೃತಹಳ್ಳಿಗೆ ನಡೆದೆ. ಓನರಮ್ಮನ ಮಗಳ ನಗುಮುಖ ಕಂಡದ್ದೇ ತಡ, ನಿಜ ಹೇಳುವ ಧೈರ್ಯ ಉಡುಗಿಹೋಯಿತು. "ಕೌದಿ ಕೊಡಮ್ಮ, ಗೋಣಿಯೊಳಗೆ ತಿಗಣೆ ಇರೋ ಹಾಗಿದೆ, ಬೇರೆ ಹೊಲಿದು ಕೊಡ್ತೀನಿ" ಅಂದೆ.

"ಅಯ್ಯೋ, ತಿಗಣೆ ಎಲ್ ಬತ್ತದಕ್ಕ? ದಿನಾ ಬೆಳಗ್ಗೆ ತೊಟ್ಲತ್ರಾನೇ ಚೆನ್ನಾಗಿ ಕೊಡವಿ ಆಕ್ತೀನಿ," ಅಂದಳು.

ದಿನಾ! ಕೌದಿಯನ್ನು ಕಸಿದುಕೊಂಡವಳಂತೆ ಸುತ್ತಿಕೊಂಡು ಬಂದೆ. ಡಾಕ್ಟರು ಹೇಳಿದಂತೆ ತೋಯಿಸಿ ಇಡುವ ತಾಳ್ಮೆ ಎಲ್ಲಿತ್ತು? ಬಚ್ಚಲ ಒಲೆಗೆ ತುರುಕಿ, ಸೌದೆ ಒಟ್ಟಿ, ಪೂರ್ತಿ ಉರಿಯುವವರೆಗೂ ಅಲ್ಲೇ ನಿಂತೆ. ಪೀಡೆ ಕಳೆಯಿತು ಅಂದುಕೊಂಡೆ.

ಬೆಳಿಗ್ಗೆ ಬೂದಿ ತೆಗೆಯಲು ಕೂತೆ. ಸೀರೆ ಇರಲಿಲ್ಲ, ಗೋಣಿ ಇರಲಿಲ್ಲ, ದಾರವೂ ಇರಲಿಲ್ಲ. ಬೂದಿಯ ನಡುವೆ ಆ ಬಿಳಿ ನಾರು ಮಾತ್ರ ಇದ್ದ ಹಾಗೇ ಇತ್ತು. ಬೆರಳಿಂದ ಮುಟ್ಟಿದೆ, ಮೊದಲಿನಷ್ಟೇ ಮೆತ್ತಗಿತ್ತು. ಹಂಡೆ ನೀರು ಕುದಿಸಿದ ಬೆಂಕಿಗೇ ಜಗ್ಗದ್ದು ಆ ಕೂಸಿನ ಪುಟ್ಟ ಎದೆಯೊಳಗೆ ಕರಗೀತೇ? ಸುಳ್ಳು ಹೇಳಿ ಬಂದದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಮತ್ತೆ ಬಸ್ಸು ಹತ್ತಿದೆ.

ಮಗು ನನ್ನನ್ನು ಕಂಡು ಎರಡೂ ಕೈ ಚಾಚಿತು. ತೊಡೆಯ ಮೇಲೆ ಕೂರಿಸಿಕೊಂಡು ಇದ್ದದ್ದನ್ನೆಲ್ಲ ಹೇಳಿದೆ.

"ಇವಳ್ಗೇನಾಗ್ತದಕ್ಕ?" ಎಂದು ಅವಳು ಕೇಳಿದಳು.

"ಗೊತ್ತಿಲ್ಲಮ್ಮ. ಏನೂ ಆಗದೇನೂ ಇರಬಹುದು. ಈಗ ಯಾರಿಗೂ ಹೇಳೋಕಾಗಲ್ಲವಂತೆ."

ಅವಳು ಎದ್ದು ಬಂದು ಮಗುವನ್ನು ಎತ್ತಿಕೊಂಡಳು. ನನ್ನ ಸೆರಗು ಅದರ ಮುಷ್ಟಿಯಲ್ಲಿ ಸಿಕ್ಕಿಕೊಂಡಿತ್ತು. ಒಂದೊಂದೇ ಬೆರಳು ಬಿಡಿಸಿ, ಮಗುವಿನ ಕೈಯನ್ನು ತನ್ನ ಸೀರೆಗೆ ಒರೆಸಿ, ಒಳಗೆ ಹೋಗಿ ಕದ ಹಾಕಿಕೊಂಡಳು.