ಬೆಳಗ್ಗೆ ಮಸ್ಕತ್ತಿನಲ್ಲಿ, ಮಧ್ಯಾಹ್ನ ಮಣಿಪಾಲದಲ್ಲಿ

ಮಣಿಪಾಲದ ವಿದ್ಯಾರ್ಥಿನಿ ನಿಲಯಗಳಲ್ಲಿ ಮೇಲ್ವಿಚಾರಕಿಯರಾಗಿ ದುಡಿದು ಹೆಸರು ಮಾಡಿದವರು ಹಲವರಿದ್ದಾರೆ. ಆದರೆ ಅನುಮಾನವನ್ನೇ ಒಂದು ಸೇವೆಯಂತೆ ನಿಷ್ಠೆಯಿಂದ ನಡೆಸಿಕೊಂಡು ಬಂದವರೆಂದರೆ ಈ ವರ್ಷ, ೨೦೦೮ರಲ್ಲಿ, ನಿವೃತ್ತರಾಗುತ್ತಿರುವ ಕಲ್ಯಾಣಪುರದ ಶ್ರೀಮತಿ ವೆರೊನಿಕಾ ಮೇಡಂ ಒಬ್ಬರೇ. ಈ ಲೇಖನವನ್ನೂ ಅವರು ಪೂರ್ತಿ ನಂಬಲಾರರು ಎಂಬ ಗುಮಾನಿ ನನಗಿದೆ.

೧೯೯೭ರಲ್ಲಿ ನರ್ಸಿಂಗ್ ಕಲಿಯಲು ನಾನು ನಿಲಯ ಸೇರಿದಾಗ ಅವರು ಮೊದಲು ಕೇಳಿದ್ದು ಹೆಸರನ್ನಲ್ಲ, “ಕಾಪುವಿನಿಂದ ಎಷ್ಟು ಗಂಟೆಗೆ ಹೊರಟದ್ದು?” ಎಂದು. ಯಾರು ಎಲ್ಲಿಂದ ಬಂದರೂ ಹೊರಟ ಹೊತ್ತು, ತಲುಪಿದ ಹೊತ್ತು ವಿಚಾರಿಸಿ, ನಡುವಿನ ಹೊತ್ತು ಎಲ್ಲಿ ಹೋಯಿತೆಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಬಸ್ಸು ಕೆಟ್ಟಿತೆಂದು ತಡವಾಗಿ ಬಂದ ಕಾರ್ಕಳದ ಅಶ್ವಿನಿಯನ್ನು ಬಾಗಿಲಲ್ಲೇ ನಿಲ್ಲಿಸಿ ಗದರಿದವರು, ಅವಳ ಪಾಲಿನ ಗಂಜಿಯನ್ನು ತಟ್ಟೆ ಮುಚ್ಚಿ ಬಿಸಿಯಾಗಿಯೇ ಇಟ್ಟಿದ್ದರು. ಅರ್ಧಕ್ಕರ್ಧ ಹುಡುಗಿಯರ ತಂದೆಯಂದಿರು ಗಲ್ಫಿನಲ್ಲಿದ್ದುದರಿಂದ ವಿಮಾನಗಳ ಲೆಕ್ಕವೂ ಅವರಿಗೆ ಬಾಯಿಪಾಠ: ಮಸ್ಕತ್ತಿನಿಂದ ಮುಂಬಯಿಗೆ ಸಾವಿರದ ಐನೂರು ಕಿಲೋಮೀಟರಿಗೂ ಮೇಲೆ, ಹಾರಾಟ ಎರಡೂವರೆ ಗಂಟೆ, ಅಲ್ಲಿ ಕಾದು ನಮ್ಮ ಕಡೆಯ ಬಜ್ಪೆ ನಿಲ್ದಾಣದ ವಿಮಾನ ಹಿಡಿದರೆ ಮತ್ತೆ ಒಂದೂಕಾಲು ಗಂಟೆ. ಪೊಲೀಸ್ ಇಲಾಖೆಗೆ ಸೇರಬೇಕಾದವರು ದಾರಿ ತಪ್ಪಿ ನಮ್ಮಲ್ಲಿಗೆ ಬಂದಿದ್ದಾರೆಂದು ನಾವು ನಗುತ್ತಿದ್ದೆವು.

೧೯೯೯ರ ಒಂದು ಮಧ್ಯಾಹ್ನ ನನ್ನ ಸೋದರಮಾವ ಜಿತೇಂದ್ರ ನಿಲಯಕ್ಕೆ ಬಂದರು. ಮಸ್ಕತ್ತಿನಲ್ಲಿ ಅಪ್ಪನೂ ಅವರೂ ಒಂದೇ ಮೀನಿನ ಕಂಪೆನಿಯಲ್ಲಿದ್ದರು.

“ಬಾವನಿಗೆ ಇವತ್ತು ಬೆಳಗ್ಗೆ ಎದೆನೋವು ಬಂತು ಮೇಡಂ, ಸ್ವಲ್ಪ ಸೀರಿಯಸ್. ಅಕ್ಕ ಹೆದರಿ ಕೂತಿದ್ದಾಳೆ. ಕಾವ್ಯಳನ್ನು ಮನೆಗೆ ಕರೆದುಕೊಂಡು ಹೋಗುತ್ತೇನೆ,” ಎಂದರು. ನಾನು ಅಲ್ಲೇ ಗಾಬರಿಯಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ.

“ನೀವು ಊರಲ್ಲೇ ಇದ್ದದ್ದಾ?” ಮೇಡಂ ಕೇಳಿದರು.

“ಇಲ್ಲ, ಮಸ್ಕತ್ತಿನಿಂದ ಈಗ ಬಂದದ್ದು. ಗೊತ್ತಾದ ಕೂಡಲೇ ಹೊರಟೆ.”

“ಬೆಳಗ್ಗೆ ಅಲ್ಲಿ ಎದೆನೋವು, ಮಧ್ಯಾಹ್ನ ನೀವು ಇಲ್ಲಿ? ಹಾಗೆ ಯಾವ ವಿಮಾನ ಉಂಟು? ನೀವು ನಿನ್ನೆಯೇ ಹೊರಟಿದ್ದೀರಿ. ಅಷ್ಟು ಸೀರಿಯಸ್ ಇರುವವರನ್ನು ಬಿಟ್ಟು ನೀವು ಎಂತಕ್ಕೆ ಬಂದದ್ದು?”

ಮೇಡಂ ಅವರ ಸ್ವರ ತಗ್ಗಿತು. “ಅವಳಿಗೆ ಇಲ್ಲೇ ಹೇಳಿ. ಮನೆಯ ಅಂಗಳದಲ್ಲಿ ಜನರಿಗೆ ಕುರ್ಚಿ ಹಾಕಿದ್ದು ಕಂಡು ಗೊತ್ತಾಗುವುದು ಬೇಡ.”

“ಮನೆಗೆ ಮುಟ್ಟಿದ ಮೇಲೆ ಹೇಳುವ ಅಂತ ಇದ್ದೆ. ಎಲ್ಲರೂ ಹಾಗೇ ಅಲ್ವಾ ಮಾಡುವುದು?” ಎಂದು ಮಾಮ ಅತ್ತುಬಿಟ್ಟರು. ಅಪ್ಪ ಎರಡು ದಿನ ಹಿಂದೆಯೇ ತೀರಿಕೊಂಡಿದ್ದರು. ದೇಹ ಮರುದಿನ ಬರುವುದಿತ್ತು.

ನಮ್ಮ ಕಡೆ ಹೀಗೆ ಮುಚ್ಚಿಡುವುದನ್ನೇ ದಯೆ ಎಂದು ತಿಳಿಯುತ್ತಾರೆ. ಮೇಡಂ ಆ ದಯೆಯನ್ನೂ ನಂಬಲಿಲ್ಲ. ಅವರ ಕೋಣೆಯಲ್ಲಿ ನಾನು ಬೇಕಾದಷ್ಟು ಹೊತ್ತು ಅತ್ತೆ. ಆಗ ಅವರು ಒಂದೂ ಪ್ರಶ್ನೆ ಕೇಳಲಿಲ್ಲ. ಆಮೇಲೆ ಕಾಪುವಿನ ನಮ್ಮ ಮನೆಯವರೆಗೂ ಕಾರಿನಲ್ಲಿ ನನ್ನ ಕೈ ಹಿಡಿದುಕೊಂಡೇ ಬಂದರು.

ಈಗ ನಾನು ಉಡುಪಿಯ ಆಸ್ಪತ್ರೆಯೊಂದರಲ್ಲಿ ದಾದಿ. “ಸ್ವಲ್ಪ ಸೀರಿಯಸ್ ಅಂತ ಮಾತ್ರ ಹೇಳಿ ಸಿಸ್ಟರ್,” ಎಂದು, ತೀರಿಕೊಂಡವರ ದೂರದೂರಿನ ಮಕ್ಕಳ ಫೋನನ್ನು ನನ್ನ ಕೈಗೆ ಕೊಡುವವರು ಇಂದಿಗೂ ಇದ್ದಾರೆ. ನನ್ನಿಂದ ಅದು ಆಗುವುದಿಲ್ಲ.

ದೇವರು ಮೇಡಂ ಅವರಿಗೆ ತುಂಬು ಆಯುಸ್ಸು ಕೊಡಲಿ; ಹುದ್ದೆಗೆ ಬಂದ ನಿವೃತ್ತಿ ಅವರ ಅನುಮಾನಕ್ಕೆ ಎಂದೂ ಬಾರದಿರಲಿ. ಅವತ್ತು ಕಾರಿನಿಂದ ಇಳಿದಾಗ ನಮ್ಮ ಮನೆಯ ಮುಂದೆ ಊರೇ ನೆರೆದಿತ್ತು. ನಾನು ನೇರವಾಗಿ ನಡೆದುಹೋಗಿ, ಕುಸಿಯುತ್ತಿದ್ದ ಅಮ್ಮನನ್ನು ಹಿಡಿದುಕೊಂಡೆ.